ಅಮ್ಮ ಹೇಳಿದ ಹೋರಾಟವನ್ನು ವಿಕಿಪೀಡಿಯಕ್ಕೆ ಸೇರಿಸಬಹುದಾ?

ಪ್ರಶ್ನೆ: ನಮ್ಮಮ್ಮ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುತ್ತಿದ್ದರು. 2016ರ ಪಿಎಫ್ ಹೋರಾಟದಲ್ಲಿ ಅವರೂ ರಸ್ತೆಗೆ ಇಳಿದಿದ್ದರು. ಅವರು ಹೇಳಿದ್ದನ್ನು ವಿಕಿಪೀಡಿಯದಲ್ಲಿ ಬರೆಯಬಹುದಾ?

ಉತ್ತರ: ಹಾಗೇ ನೇರವಾಗಿ ಬರೆಯಲು ಆಗುವುದಿಲ್ಲ. ಅಮ್ಮನ ಮಾತಿನ ಮೇಲೆ ಅನುಮಾನ ಅಂತಲ್ಲ. ಬೇರೆಲ್ಲಾದರೂ ಪ್ರಕಟವಾಗಿದ್ದನ್ನು ಮಾತ್ರ ವಿಕಿಪೀಡಿಯ ತೆಗೆದುಕೊಳ್ಳುತ್ತದೆ. ಓದಿದವರು ತಾವೇ ಹುಡುಕಿ ಪರೀಕ್ಷಿಸಲು ಆಗಬೇಕಲ್ವಾ? ಆದರೆ ಈ ಹೋರಾಟದ ಲೇಖನಕ್ಕೆ ನಿಮ್ಮಂಥವರೇ ಬೇಕು.

ಕೆಲಸ ಹೇಗೆ ನಡೆಯುತ್ತದೆ ನೋಡಿ. ಯಾರೋ ಒಬ್ಬರು ‘2016ರಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು ಗಲಾಟೆ ಮಾಡಿದರು’ ಎಂದು ಒಂದೇ ಸಾಲು ಬರೆದರು ಅಂದುಕೊಳ್ಳಿ. ಇನ್ನೊಬ್ಬರು ಪತ್ರಿಕೆ ತೆಗೆದು ಏಪ್ರಿಲ್ 18 ಮತ್ತು 19 ಎಂದು ತಾರೀಕು ಸೇರಿಸುತ್ತಾರೆ, ಉಲ್ಲೇಖ ಕೊಡುತ್ತಾರೆ. ಮತ್ತೊಬ್ಬರು ಚರ್ಚೆ ಪುಟದಲ್ಲಿ (ಲೇಖನದ ಬಗ್ಗೆ ಬರೆಯುವವರು ಮಾತಾಡಿಕೊಳ್ಳುವ ಪುಟ) ಕೇಳುತ್ತಾರೆ: ‘ಗಲಾಟೆ’ ಯಾರ ಮಾತು? ಬಸ್ಸಿಗೆ ಬೆಂಕಿ ಬಿದ್ದಿದ್ದೂ ನಿಜ, ಸಾವಿರಾರು ಹೆಣ್ಣುಮಕ್ಕಳು ರಸ್ತೆಗೆ ಬಂದಿದ್ದೂ ನಿಜ. ಎರಡೂ ಇರಲಿ, ‘ಪ್ರತಿಭಟನೆ’ ಎಂದು ಬದಲಿಸೋಣ. ನಾಲ್ಕನೆಯವರು ಕಾರಣ ಹಾಕುತ್ತಾರೆ. ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ. 19ರಂದೇ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಹೀಗೆ ಒಂದು ಸಾಲು ಒಂದು ಪ್ಯಾರಾ ಆಯಿತು. ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ‘ಇತಿಹಾಸ’ ಪುಟದಲ್ಲಿ ಉಳಿಯುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಂತೂ ಕಾರ್ಮಿಕ ಚಳವಳಿಯ ಲೇಖನಗಳಿಗೆಂದೇ ಒಂದು ವಿಕಿಯೋಜನೆ, ಅಂದರೆ ಒಂದೇ ವಿಷಯದ ಲೇಖನಗಳನ್ನು ಒಟ್ಟಾಗಿ ನೋಡಿಕೊಳ್ಳುವವರ ಗುಂಪು, ಇದೆ.

ಈ ಹೋರಾಟದ ಬಗ್ಗೆ ಬರೆಯುವುದು ಸ್ವಲ್ಪ ಜಾಸ್ತಿ ಕಷ್ಟ. 1982ರ ಮುಂಬೈ ಗಿರಣಿ ಮುಷ್ಕರ ಅಂದರೆ ಅದನ್ನು ಮುನ್ನಡೆಸಿದ ಕಾರ್ಮಿಕ ನಾಯಕ ದತ್ತಾ ಸಾಮಂತ್ ಹೆಸರು ಬರುತ್ತದೆ, ಪುಸ್ತಕಗಳೂ ಸಿಗುತ್ತವೆ. ಬೆಂಗಳೂರಿನ ಈ ಹೆಣ್ಣುಮಕ್ಕಳನ್ನು ಯಾವ ಯೂನಿಯನ್ನೂ ಕರೆದಿರಲಿಲ್ಲ. ಕರಪತ್ರ ಇಲ್ಲ, ಮುಖಂಡರ ಭಾಷಣ ಇಲ್ಲ. ಉಳಿದಿರುವುದು ಹೆಚ್ಚಾಗಿ ಆ ವಾರದ ಸುದ್ದಿಗಳು. ಸುದ್ದಿಯಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಅಲ್ಲಿದ್ದವರಿಗೇ ಗೊತ್ತು. ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ದುಡ್ಡು ಮಗಳ ಮದುವೆಗೋ, ಸಾಲ ತೀರಿಸಲಿಕ್ಕೋ ಎಂದು ಲೆಕ್ಕ ಹಾಕಿಟ್ಟವರಿಗೆ 58 ಎಂಬ ಅಂಕಿ ಎಷ್ಟು ದೂರ ಕಂಡಿರಬೇಕು! ಲೇಖನದಲ್ಲಿ ಆ ಮಾತೇ ಇಲ್ಲದಿದ್ದರೆ ಅದು ಸುಮ್ನೆ ಟ್ರಾಫಿಕ್ ಜಾಮ್ ವರದಿ ಆಗಿಬಿಡುತ್ತದೆ.

ಆದ್ದರಿಂದ ಅಮ್ಮನ ನೆನಪನ್ನೇ ಹುಡುಕಾಟದ ದಾರಿ ಮಾಡಿಕೊಳ್ಳಿ. ಅವರು ಹೇಳಿದ ರಸ್ತೆ, ದಿನ, ಹೊತ್ತು ಹಿಡಿದು ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪತ್ರಿಕೆ ತಿರುವಿ. ಸಿಕ್ಕಿದ್ದನ್ನು ಉಲ್ಲೇಖದ ಜೊತೆ ಸೇರಿಸಿ. ನೀವೇ ತೆಗೆದ ಫೋಟೋ ಇದ್ದರೆ ವಿಕಿಪೀಡಿಯದ ಫೋಟೋಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಅದರಲ್ಲಿರುವವರನ್ನು ಮೊದಲು ಒಂದು ಮಾತು ಕೇಳಿ, ಅವರಲ್ಲಿ ಕೆಲವರು ಇನ್ನೂ ಅದೇ ಫ್ಯಾಕ್ಟರಿಯಲ್ಲಿರಬಹುದು. ನೀವು ಯಾವುದಾದರೂ ಯೂನಿಯನ್ನಿನ ಪದಾಧಿಕಾರಿಯಾಗಿದ್ದರೆ ಅದರ ಲೇಖನವನ್ನು ನೀವೇ ತಿದ್ದಬೇಡಿ, ಚರ್ಚೆ ಪುಟದಲ್ಲಿ ಸಲಹೆ ಕೊಡಿ.

ಅಮ್ಮನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಯಾವುದಾದರೂ ಒಳ್ಳೆಯ ಪತ್ರಿಕೆ ಅದನ್ನು ಸಂದರ್ಶನವಾಗಿ ಪ್ರಕಟಿಸಿದರೆ, ಆಗ ‘ಹೋರಾಟದಲ್ಲಿದ್ದ ಕಾರ್ಮಿಕರೊಬ್ಬರ ಪ್ರಕಾರ’ ಎಂದು ಬೇರೆ ಯಾರಾದರೂ ಅದನ್ನು ಲೇಖನಕ್ಕೆ ತರಬಹುದು. ಇವತ್ತು ರಾತ್ರಿ ಊಟ ಆದಮೇಲೆ ಕೇಳಿ ನೋಡಿ: ಅವತ್ತು ಮಿಷನ್ ಬಿಟ್ಟು ಮೊದಲು ಎದ್ದಿದ್ದು ಯಾವ ಲೈನಿನವರು?