ನೌಕರಿ ಹೋದ ಮೇಲೆ ಹೊಲ: ಮೊದಲ ವರ್ಷ ಮನೆಗೆ ಬಿತ್ತಿ

"ನಾಲ್ಕು ಎಕರೆ ಐತಿ ಸರ್, ಏನು ಹಾಕಿದರೆ ತಿಂಗಳಿಗೆ ಇಪ್ಪತ್ತೈದು ಸಾವಿರ ಬರುತ್ತದೆ?" ನೌಕರಿ ಕಳೆದುಕೊಂಡು ಊರಿನ ಹೊಲದ ಕಡೆ ಮುಖ ಮಾಡಿದವರು ಕೇಳುವ ಮೊದಲ ಪ್ರಶ್ನೆ ಇದೇ. ಇವರಲ್ಲಿ ಹುಬ್ಬಳ್ಳಿ-ಧಾರವಾಡದ ಕಾರ್ಖಾನೆಗಳಲ್ಲಿ ದುಡಿದವರು ಇದ್ದಾರೆ. ಬೆಂಗಳೂರು, ಪುಣೆಯಿಂದ ವಾಪಸ್ ಬಂದ ಹುಡುಗರೂ ಇದ್ದಾರೆ. ಕೃಷಿ ಸಲಹೆ ನನ್ನ ಕೆಲಸ. ಆದರೂ ಬೆಳೆಯ ಹೆಸರು ಹೇಳುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಗೆ ವರ್ಷಕ್ಕೆ ಎಷ್ಟು ಜೋಳ ಬೇಕು? ಬಹಳ ಮಂದಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಅಡುಗೆ ಮಾಡುವವರನ್ನು ಕೇಳಿಕೊಂಡು ಬನ್ನಿ ಎನ್ನುತ್ತೇನೆ.

ಯಾಕೆ ಹಾಗೆ ಕೇಳುತ್ತೇನೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಧಾರವಾಡ ಜಿಲ್ಲೆಯ ಅಣ್ಣಿಗೇರಿ, ನವಲಗುಂದದ ಕಡೆಯ ಮಳೆಯಾಶ್ರಿತ ಎರಿ (ಕಪ್ಪು ಮಣ್ಣಿನ) ಹೊಲ ಎಂದುಕೊಳ್ಳಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಮಳೆ ಕೈಹಿಡಿದ ವರ್ಷದಲ್ಲಿ ಎಕರೆಗೆ 4 ಕ್ವಿಂಟಲ್ ಹೆಸರು, 5 ಕ್ವಿಂಟಲ್ ಕಡಲೆ ಬಂತು ಅನ್ನೋಣ. ಕ್ವಿಂಟಲ್ ಹೆಸರಿಗೆ 7,000, ಕಡಲೆಗೆ 5,500 ರೂಪಾಯಿ ಹಿಡಿದರೆ ಎಕರೆಗೆ 55,500 ಆಯಿತು. ಉಳುಮೆ, ಬೀಜ, ಗೊಬ್ಬರ, ಕೀಟನಾಶಕ ಹೊಡೆಯುವುದು, ಕಳೆ, ಕೂಲಿ, ರಾಶಿ (ಒಕ್ಕಣೆ), ಗಾಡಿ ಬಾಡಿಗೆ ಸೇರಿ ಹತ್ತಿರ ಹತ್ತಿರ ಅರ್ಧ ಹೋಗುತ್ತದೆ. ನಾಲ್ಕು ಎಕರೆಗೆ ವರ್ಷಕ್ಕೆ ಒಂದು ಲಕ್ಷ, ಜಾಸ್ತಿ ಅಂದರೆ 1 ಲಕ್ಷ 10 ಸಾವಿರ ಉಳಿದೀತು. ತಿಂಗಳಿಗೆ ಹಂಚಿದರೆ ಜಾಸ್ತಿ ಅಂದರೆ 9,000 ಚಿಲ್ಲರೆ. ಹೆಸರಿಗೆ 2024-25ರಲ್ಲಿ 8,682 ರೂಪಾಯಿ ಬೆಂಬಲ ಬೆಲೆ ಇತ್ತು, ನಿಜ. ಆದರೆ ರಾಶಿ ಮುಗಿದ ಕೂಡಲೇ ಹಣ ಬೇಕಾದವರು ಖರೀದಿ ಕೇಂದ್ರ ತೆರೆಯುವವರೆಗೆ ಚೀಲ ಇಟ್ಟುಕೊಂಡು ಕೂರಲು ಆಗುವುದಿಲ್ಲ.

ಇದು ಒಳ್ಳೆಯ ವರ್ಷದ ಲೆಕ್ಕ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ವರದಾ ಉಕ್ಕಿದವು. 2023ರಲ್ಲಿ ಅದೇ ಆಗಸ್ಟ್ ಒಣಗಿ ಹೋಯಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಸಂಬಳ ಇದ್ದವರಿಗೆ ಇಂಥ ವರ್ಷ ಬರೀ ಸುದ್ದಿ. ಹೊಲ ನಂಬಿದವರಿಗೆ ಇಡೀ ವರ್ಷದ ಗಳಿಕೆಯೇ ಹೋದಂತೆ.

ಹಾಗಾದರೆ ಹೊಲಕ್ಕೆ ಹೋಗಬೇಡಿ ಎನ್ನುತ್ತೇನೆಯೇ? ಇಲ್ಲ. ಹೋಗಿ, ಆದರೆ ಸಂಬಳದ ಜಾಗದಲ್ಲಿ ಹೊಲವನ್ನು ಕೂರಿಸಬೇಡಿ. ಕಿರಾಣಿ ಅಂಗಡಿಯ ಜಾಗದಲ್ಲಿ ಕೂರಿಸಿ. ಮೇಲಿನ ಲೆಕ್ಕದಲ್ಲಿ ನೀವು ಮಾರುವಾಗ ಕಡಲೆ ಕಿಲೋಗೆ 55 ರೂಪಾಯಿ. ಅದೇ ಕಡಲೆಬೇಳೆ ಅಂಗಡಿಯಲ್ಲಿ ಕೊಳ್ಳುವಾಗ ಎಷ್ಟು ಜಾಸ್ತಿ ಕೊಡುತ್ತೀರಿ, ನಿಮಗೇ ಗೊತ್ತು. ಮನೆಗೆ ಇಟ್ಟುಕೊಂಡ ಕಾಳಿಗೆ ದಲಾಲಿ ಇಲ್ಲ, ಹಮಾಲಿ ಇಲ್ಲ, ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆವರೆಗೆ ಗಾಡಿ ಬಾಡಿಗೆಯೂ ಇಲ್ಲ. ಬೆಲೆ ಬಿದ್ದರೂ ರೊಟ್ಟಿ ಅಷ್ಟೇ ದೊಡ್ಡದಿರುತ್ತದೆ.

ನಾಲ್ಕು ಮಂದಿಯ ಮನೆ, ಎರಡು ಹೊತ್ತು ರೊಟ್ಟಿ. ದಿನಕ್ಕೆ ಒಂದು ಕಿಲೋ ಹಿಟ್ಟು ಬೇಕು. ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಕ್ವಿಂಟಲ್ ಜೋಳ. ಆಳವಾದ ಎರಿ ಹೊಲದಲ್ಲಿ ಒಂದು ಎಕರೆ ಹಿಂಗಾರಿ ಬಿಳಿಜೋಳ ಇದನ್ನು ಕೊಡುತ್ತದೆ, ಮೇಲೆ ದನಕ್ಕೆ ಕಣಿಕೆ (ಒಣ ಮೇವು) ಕೂಡ. ಬೇಳೆ ದಿನಕ್ಕೆ 200 ಗ್ರಾಂ ಎಂದರೆ ವರ್ಷಕ್ಕೆ 75 ಕಿಲೋ. ಕಾಳಿನ ಲೆಕ್ಕದಲ್ಲಿ ತೊಗರಿ, ಹೆಸರು, ಕಡಲೆ ಸೇರಿ ಒಂದು ಕ್ವಿಂಟಲ್ ಸಾಕು. ಎಣ್ಣೆ ತಿಂಗಳಿಗೆ ಎರಡೂವರೆ ಲೀಟರ್ ಹಿಡಿದರೆ ವರ್ಷಕ್ಕೆ 30 ಲೀಟರ್. ಗಾಣಕ್ಕೆ ಹಾಕಲು ಸುಮಾರು 75 ಕಿಲೋ ಶೇಂಗಾ ಬೀಜ ಬೇಕು, ಕಾಯಿ ಲೆಕ್ಕದಲ್ಲಿ ಒಂದು ಕ್ವಿಂಟಲ್‌ಗಿಂತ ಸ್ವಲ್ಪ ಮೇಲೆ. ಮಸಾರಿ (ಕೆಂಪು ಮಣ್ಣಿನ) ಹೊಲದ ಎಂಟು-ಹತ್ತು ಗುಂಟೆಯಲ್ಲಿ ಅದು ಸಿಗುತ್ತದೆ. ಎರಿ ಹೊಲದವರು ಜೋಳದ ನಡುವೆ ಕುಸುಬೆಯ ಅಕ್ಕಡಿ ಸಾಲು ಹಾಕಿದರೆ ಎಣ್ಣೆಯ ಒಂದು ಪಾಲು ಅಲ್ಲೇ ಬಂತು. ಕುಸುಬೆಗೆ ಮುಳ್ಳು ಇರುವುದರಿಂದ ಅದನ್ನು ಹೊಲದ ಅಂಚಿಗೂ ಹಾಕುತ್ತಾರೆ, ದನ ಒಳಗೆ ನುಗ್ಗುವುದಿಲ್ಲ. ನಮ್ಮ ಹಿರಿಯರ ಈ ಪದ್ಧತಿ ಗೋವಿನಜೋಳ (ಮೆಕ್ಕೆಜೋಳ) ಬಂದ ಮೇಲೆ ಮರೆಯಾಗುತ್ತಿದೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಒಟ್ಟು ಕೂಡಿಸಿ ನೋಡಿ. ಎರಡು ಎಕರೆಯೊಳಗೆ ಮನೆಯ ಊಟದ ಬಹುಪಾಲು ಮುಗಿಯಿತು. ಅಕ್ಕಿ, ಸಕ್ಕರೆ, ಚಹಾಪುಡಿ ಕೊಳ್ಳಲೇಬೇಕು. ಉಳಿದ ಎರಡು ಎಕರೆ ಮಾರುಕಟ್ಟೆಗೆ, ಅದೂ ಎರಡನೇ ವರ್ಷದಿಂದ.

ಈ ಉಳಿದ ಎರಡು ಎಕರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮ್ಮ ಹೊಲವನ್ನು ಇಷ್ಟು ವರ್ಷ ಯಾರೋ ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುತ್ತಿದ್ದಾರೆ, ಅಲ್ವಾ? ನೌಕರಿ ಹೋದ ತಿಂಗಳೇ ಹೋಗಿ ಎಲ್ಲ ಹೊಲ ಬಿಡಿಸಿಕೊಳ್ಳಬೇಡಿ. ನಮ್ಮಲ್ಲಿ ಲಾವಣಿ ಯುಗಾದಿಯಿಂದ ಯುಗಾದಿಗೆ. ಅವರು ಗೊಬ್ಬರ ಹೇರುವ ಮೊದಲೇ ಮಾತಾಡಿ. ಮೊದಲ ವರ್ಷ ಎರಡು ಎಕರೆ ಮಾತ್ರ ಕೇಳಿ, ಉಳಿದದ್ದನ್ನು ಅವರಿಗೇ ಬಿಡಿ. ಆ ಹೊಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕರಿಕೆ ಹುಲ್ಲು ಜಾಸ್ತಿ, ಯಾವ ಮೂಲೆಯಿಂದ ಜಿಂಕೆ ಬರುತ್ತವೆ ಅನ್ನುವುದು ಅವರಿಗೆ ಗೊತ್ತು, ನಿಮಗಿಲ್ಲ. ಅವರ ಮನೆಯೂ ಅದೇ ಹೊಲದ ಮೇಲೆ ನಡೆದಿದೆ. ಅವರ ಜೊತೆ ಜಗಳ ಮಾಡಿಕೊಂಡು ಶುರುಮಾಡಿದ ಒಕ್ಕಲುತನಕ್ಕೆ ಬಿತ್ತನೆ ದಿನ ಕೂರಿಗೆ ಸಿಗುವುದಿಲ್ಲ, ಕಳೆ ತೆಗೆಯಲು ಮುಯ್ಯಿ ಆಳೂ ಸಿಗುವುದಿಲ್ಲ. ಮುಯ್ಯಿ ಎಂದರೆ ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೈಯಲ್ಲಿ ರೊಕ್ಕ ಇಲ್ಲದ ಮೊದಲ ವರ್ಷದಲ್ಲಿ ಇದರಷ್ಟು ದೊಡ್ಡ ಆಸರೆ ಮತ್ತೊಂದಿಲ್ಲ.

ಈಗ ಮಣ್ಣು. ಎರಿ ಮತ್ತು ಮಸಾರಿ ಎರಡಕ್ಕೂ ಒಂದೇ ಸಲಹೆ ಕೊಡುವವರನ್ನು ನಂಬಬೇಡಿ. ಎರಿ ಮಣ್ಣು ಸೆಪ್ಟೆಂಬರ್, ಅಕ್ಟೋಬರ್ ಮಳೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಉತ್ತರಿ, ಹಸ್ತ ಮಳೆಗೆ ಬಿತ್ತಿದ ಜೋಳ, ಆಮೇಲೆ ಬಿತ್ತಿದ ಕಡಲೆ ಮುಂದೆ ಮಳೆ ಬಾರದಿದ್ದರೂ ಆ ತೇವದ ಮೇಲೆಯೇ ಬೆಳೆದು ತೆನೆ, ಕಾಯಿ ಬಿಡುತ್ತವೆ. ಆದರೆ ಮಣ್ಣು ಎಷ್ಟು ಆಳ ಇದೆ? ಮೂರು ಅಡಿ ಗುಂಡಿ ತೋಡಿ ನೋಡಿ. ಒಂದೂವರೆ ಅಡಿಗೇ ಗರಸು (ಕಲ್ಲು ಮಿಶ್ರಿತ ಗಟ್ಟಿ ಪದರ) ಸಿಕ್ಕರೆ ಹಿಂಗಾರಿ ಜೋಳದ ಆಸೆ ಬಿಡಿ, ಬೇಗ ಬರುವ ಕಡಲೆ ನೋಡಿ. ಮುಂಡರಗಿ, ಶಿರಹಟ್ಟಿ ಕಡೆಯ ಮಸಾರಿಯಲ್ಲಿ ಹಿಂಗಾರಿ ನಂಬುವಂತೆಯೇ ಇಲ್ಲ. ಅಲ್ಲಿ ಮುಂಗಾರಿಯ ಶೇಂಗಾ, ಹೆಸರು, ನವಣೆ, ಸಜ್ಜೆ, ಜೊತೆಗೆ ನಾಲ್ಕು ಆಡು ಸರಿಯಾದ ದಾರಿ. ಕಲಘಟಗಿ, ಅಳ್ನಾವರದವರಿಗೆ ಮಳೆ ಜಾಸ್ತಿ. ಅವರ ಊಟದ ಲೆಕ್ಕ ಜೋಳಕ್ಕಿಂತ ಭತ್ತದಿಂದ ಶುರುವಾಗುತ್ತದೆ.

ಬೀಜದ ವಿಷಯದಲ್ಲಿ ಹಠ ಹಿಡಿಯಿರಿ. ಎಂ 35-1 ಜೋಳ, ಅಂದರೆ ಮಾಲದಂಡಿ, ಜೆಜಿ-11 ಕಡಲೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಜಿಜಿವಿ-2 ಹೆಸರು, ಇವುಗಳ ಬೀಜವನ್ನು ಒಮ್ಮೆ ತಂದರೆ ಆರಿಸಿ, ಒಣಗಿಸಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಗೋವಿನಜೋಳದ ಹೈಬ್ರಿಡ್ ಬೀಜ ಪ್ರತಿ ವರ್ಷ ಅಂಗಡಿಯಿಂದಲೇ ಬರಬೇಕು. ಹಾವೇರಿ ಜಿಲ್ಲೆಯ ತುಂಬ ಅದೇ ಬೆಳೆ ಕಾಣುತ್ತದೆ ಎಂದು ಹೊಸಬರು ಕಣ್ಣು ಮುಚ್ಚಿ ಹಿಂಬಾಲಿಸುತ್ತಾರೆ. ಗೊಬ್ಬರದ ಸಾಲ ಜಾಸ್ತಿ, ಲದ್ದಿಹುಳದ ಕಾಟ ಜಾಸ್ತಿ, ದರ ಬಿದ್ದರೆ ಮನೆಯಲ್ಲಿ ತಿನ್ನಲೂ ಬರುವುದಿಲ್ಲ. ಮೊದಲ ವರ್ಷಕ್ಕೆ ಅದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬ್ಯಾಡಗಿ ಮೆಣಸಿನಕಾಯಿಯೂ ಅಷ್ಟೇ. ಹಿತ್ತಲಲ್ಲಿ ಮನೆಗೆ ಬೇಕಾದಷ್ಟು ಹಚ್ಚಿ, ಎಕರೆಗಟ್ಟಲೆ ಈಗಲೇ ಬೇಡ.

ಹಿತ್ತಲಿನ ನೀರಿನ ಲೆಕ್ಕವನ್ನು ಬಹಳ ಮಂದಿ ತಪ್ಪುತ್ತಾರೆ. ಬೇಸಿಗೆಯಲ್ಲಿ ಒಂದು ಗುಂಟೆ ಕಾಯಿಪಲ್ಯಕ್ಕೆ ದಿನಕ್ಕೆ ಸುಮಾರು 500 ಲೀಟರ್ ನೀರು ಬೇಕು. ಎರಡು ಗುಂಟೆ ಎಂದರೆ ಸಾವಿರ ಲೀಟರ್. ನಳದ ನೀರು ಎಂಟು ದಿನಕ್ಕೊಮ್ಮೆ ಬರುವ ಊರಲ್ಲಿ ಇದು ಆಗದ ಮಾತು. ಅದಕ್ಕೆ ಮಳೆಗಾಲದಲ್ಲಿ ಎರಡು ಗುಂಟೆ, ಬೇಸಿಗೆಯಲ್ಲಿ ಬಚ್ಚಲ ನೀರು ಹೋಗುವಷ್ಟು ಜಾಗ ಮಾತ್ರ ಇಟ್ಟುಕೊಳ್ಳಿ. ಪುಂಡಿಪಲ್ಯ, ರಾಜಗಿರಿ, ಚವಳಿ, ಹೀರೆ, ಬದನೆ, ಬೇಲಿಗೆ ಅವರೆ, ಒಂದು ನುಗ್ಗೆ, ಒಂದು ಕರಿಬೇವು. ಸಾಕು.

ದೊಡ್ಡ ಭಯ ಇರುವುದು ಇನ್ನೊಂದು ಕಡೆ. ಕಂಪನಿ ಲೆಕ್ಕ ಚುಕ್ತಾ ಮಾಡಿದಾಗ ಪಿಎಫ್, ಗ್ರ್ಯಾಚುಟಿ ಸೇರಿ ಕೈಗೆ ಒಂದಿಷ್ಟು ಗಂಟು ಬರುತ್ತದೆ. ಆ ಹಣ ಮೊದಲ ಮೂರು ತಿಂಗಳಲ್ಲೇ ಬೋರ್‌ವೆಲ್ ತೂತಿನಲ್ಲಿ ಇಳಿದು ಹೋಗುವುದನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ನವಲಗುಂದ, ಅಣ್ಣಿಗೇರಿ, ರೋಣದ ಎರಿ ಭಾಗದಲ್ಲಿ ಬಹಳ ಕಡೆ ಅಂತರ್ಜಲ ಸವಳು, ಅಂದರೆ ಉಪ್ಪು. ನೀರು ಬಿದ್ದರೂ ಬೆಳೆಗೆ ಬಿಡುವಂತಿರುವುದಿಲ್ಲ, ಬಿಟ್ಟರೆ ಮಣ್ಣೂ ಕೆಡುತ್ತದೆ. ಪಕ್ಕದ ಬೋರ್‌ವೆಲ್‌ನ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿಸದೆ ಒಂದು ರೂಪಾಯಿಯನ್ನೂ ಹಾಕಬೇಡಿ. ಎರಿ ಹೊಲಕ್ಕೆ ಮಳೆನೀರು ಹಿಡಿಯುವ ಕೃಷಿಹೊಂಡ ಒಳ್ಳೆಯದು, ನೀರು ಇಂಗುವುದು ನಿಧಾನ. ಮಸಾರಿಯಲ್ಲಾದರೆ ತಾಡಪತ್ರಿ ಹಾಸಲೇಬೇಕು.

ಟ್ರ್ಯಾಕ್ಟರ್ ಕೂಡ ಹಾಗೇ. ನಾಲ್ಕು ಎಕರೆಗೆ ಅದರ ಕಂತು ಕಟ್ಟಲು ಆಗುವುದಿಲ್ಲ. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ನನಗೆ ಅನಿಸುವ ಮಟ್ಟಿಗೆ ಇಂಥ ಖರೀದಿಗಳ ಹಿಂದೆ ನಾಚಿಕೆ ಇದೆ. ಕಟ್ಟೆಯ ಮೇಲೆ ಕೂತವರು "ಯಾಕಪಾ, ರಜಾ ಮ್ಯಾಲ ಬಂದೀ?" ಎಂದು ಕೇಳುತ್ತಾರೆ. ಉತ್ತರ ಹೇಳಲು ಮನಸ್ಸಾಗದೆ ದೊಡ್ಡದೊಂದು ಏನಾದರೂ ಮಾಡಿ ತೋರಿಸುವ ಹಂಬಲ ಹುಟ್ಟುತ್ತದೆ. ನೌಕರಿ ಹೋಗಿದೆ ಎಂದು ನೇರ ಹೇಳಿಬಿಡಿ. ಅದು ನಿಮ್ಮ ತಪ್ಪಲ್ಲ. ಹೇಳಿದ ಮೇಲೆ ಸಲಹೆ, ಬೀಜ, ಎತ್ತು ಕೊಡುವವರು ಊರಲ್ಲಿ ಇದ್ದಾರೆ.

ಆ ಗಂಟಿನಲ್ಲಿ ಮೊದಲು ಬಡ್ಡಿ ಜಾಸ್ತಿ ಇರುವ ಸಾಲ ತೀರಿಸಿ. ಆಮೇಲೆ ಒಂದೂವರೆ ವರ್ಷದ ಮನೆ ಖರ್ಚು ಬೇರೆ ಇಡಿ. ಒಂದೂವರೆ ವರ್ಷ ಯಾಕೆ? ರೋಹಿಣಿ, ಮಿರಗದ (ಮೃಗಶಿರ) ಮಳೆಗೆ, ಅಂದರೆ ಮೇ ಕೊನೆ, ಜೂನ್‌ನಲ್ಲಿ ಬಿತ್ತಿದ ಹೆಸರು ಆಗಸ್ಟ್ ಕೊನೆಗೆ ಬರುತ್ತದೆ. ಜೋಳ, ಕಡಲೆ ರಾಶಿಯಾಗುವುದು ಮುಂದಿನ ಜನವರಿಯಿಂದ ಮಾರ್ಚ್ ಒಳಗೆ. ನವೆಂಬರ್‌ನಲ್ಲಿ ನೌಕರಿ ಹೋದವರಿಗೆ ಪೂರ್ತಿ ಒಂದು ಸುತ್ತು ಮುಗಿಯಲು ಹದಿನಾರು ತಿಂಗಳು ಬೇಕು. ನಡುವೆ ಒಂದು ಮಳೆ ಕೈಕೊಟ್ಟರೆ? ಮಕ್ಕಳ ಫೀ, ಆಸ್ಪತ್ರೆ, ಗ್ಯಾಸು, ಕರೆಂಟು ಕಾಯುವುದಿಲ್ಲ. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಆಸ್ಪತ್ರೆ ಸೌಲಭ್ಯವೂ ನೌಕರಿ ಹೋದ ಮೇಲೆ ಹೆಚ್ಚು ಕಾಲ ಉಳಿಯುವುದಿಲ್ಲ, ಹೀಗಾಗಿ ಆರೋಗ್ಯ ವಿಮೆ ಮೊದಲೇ ನೋಡಿಕೊಳ್ಳಿ.

ಈ ರೊಕ್ಕದ ಖರ್ಚಿಗೆ ನಿಮ್ಮ ಹಳೇ ಕಸುಬು ಬಿಡಬೇಡಿ. ಫಿಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಆಗಿದ್ದವರಿಗೆ ಹಳ್ಳಿಯಲ್ಲಿ ಕೆಲಸ ಇದ್ದೇ ಇದೆ. ಪಂಪ್‌ಸೆಟ್ ಸುಡುತ್ತದೆ, ಕೂರಿಗೆ ತಾಳು ಮುರಿಯುತ್ತದೆ, ರಾಶಿ ಮಷಿನ್ ಕೆಡುತ್ತದೆ. ಸುಗ್ಗಿಯಲ್ಲಿ ರಿಪೇರಿಗೆ ಹುಬ್ಬಳ್ಳಿವರೆಗೆ ಹೋಗುವುದು ರೈತರಿಗೆ ಕಷ್ಟ. ವಾರಕ್ಕೆ ಎರಡು ದಿನದ ಇಂಥ ಕೆಲಸ, ಒಂದು ಎಮ್ಮೆಯ ಹಾಲು ಡೇರಿಗೆ, ಇವೆರಡರಿಂದ ಕೈಖರ್ಚು ನಡೆಯುತ್ತದೆ. ಎಮ್ಮೆ ತರುವುದು ಮಾತ್ರ ಮನೆಯಲ್ಲಿ ಕಣಿಕೆ, ಹೊಟ್ಟು ತುಂಬಿದ ಮೇಲೆ. ಮೇವು ಕೊಂಡು ಹಾಕಿದರೆ ಹಾಲಿನ ಹಣ ಮೇವಿಗೇ ಹೋಗುತ್ತದೆ.

ಕಾಗದಪತ್ರ ಬೇಸರದ ಕೆಲಸ, ಆದರೆ ಮಳೆಗಾಲಕ್ಕೆ ಮೊದಲೇ ಮುಗಿಸಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ, ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಮಾಡಿಸಿ. ರೈತ ಸಂಪರ್ಕ ಕೇಂದ್ರದ ರಿಯಾಯಿತಿ ಬೀಜಕ್ಕೂ ಬೆಳೆ ಸಾಲಕ್ಕೂ ಅದು ಬೇಕು. ಬೆಳೆ ವಿಮೆಗೆ ನಿಮ್ಮ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಪಿಎಂ ಕಿಸಾನ್‌ನ 6,000 ರೂಪಾಯಿಯನ್ನು ಈ ವರ್ಷವೇ ಲೆಕ್ಕಕ್ಕೆ ಹಿಡಿಯಬೇಡಿ, ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರಿಗೆ ಅದು ಇಲ್ಲ. ಸಾಲ ಬೇಕಾದರೆ ಊರಿನ ಸಹಕಾರ ಸಂಘದ ಸದಸ್ಯರಾಗಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಇಂಥ ಸಂಘ ಕಟ್ಟಿದ ನೆಲ ನಮ್ಮದು. ಸಕಾಲಕ್ಕೆ ತೀರಿಸಿದರೆ ಅಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತದೆ. ಕೈಗಡ ಕೊಡುವವರ ಬಾಗಿಲಿಗೆ ಹೋಗುವುದು ಬೇಡ.

ಹಿಂಗಾರಿ ರಾಶಿ ಮುಗಿದು ಹೊಲ ಖಾಲಿಯಾದಾಗ, ಗೊಬ್ಬರ ಹಾಕುವ ಮೊದಲು, ಮಣ್ಣು ಪರೀಕ್ಷೆ ಮಾಡಿಸಿ. ಎಂಟು-ಹತ್ತು ಕಡೆ ಅರ್ಧ ಅಡಿ ಆಳದ ಗುಂಡಿ ತೆಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಮಣ್ಣು ಕೆರೆದುಕೊಳ್ಳಿ. ಬದುವಿನ ಹತ್ತಿರ, ತಿಪ್ಪೆ ಇದ್ದ ಜಾಗ, ಗಿಡದ ಬುಡ ಬಿಡಿ. ಎಲ್ಲ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ತೆಗೆದು ಚೀಲಕ್ಕೆ ಹಾಕಿ, ಸರ್ವೆ ನಂಬರ್ ಬರೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಧಾರವಾಡದವರಿಗೆ ಸೈದಾಪುರ, ಗದಗದವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ. ಜೊತೆಗೆ ನಿಮ್ಮ ಮನೆಗೆ ಬೇಕಾದ ಜೋಳ, ಬೇಳೆ, ಎಣ್ಣೆಯ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅದನ್ನೂ ತೆಗೆದುಕೊಂಡು ಹೋಗಿ. ಅಲ್ಲಿನ ವಿಜ್ಞಾನಿಗಳಿಗೆ ಎರಡನ್ನೂ ತೋರಿಸಿದರೆ ಯಾವ ಬೆಳೆಗೆ ಎಷ್ಟು ಗುಂಟೆ ಇಡಬೇಕು ಎಂದು ಕೂತು ಮಾತಾಡಲು ಅನುಕೂಲವಾಗುತ್ತದೆ.