ಜೇಡರ ಬಲೆ ಗುಡಿಸದ ವೈನ್ ಮನೆತನ

ಸ್ಪೇನ್‌ನ ರಿಯೋಹಾ ಸೀಮೆಯಲ್ಲಿ ಹಾರೊ ಅಂತ ಒಂದು ಊರಿದೆ. ಅಲ್ಲಿನ ರೈಲು ನಿಲ್ದಾಣದ ಹತ್ತಿರವೇ ಲೋಪೆಸ್ ದೆ ಎರೇದಿಯಾ ಮನೆತನದ ವೈನರಿ. 1877ರಲ್ಲಿ ಶುರುವಾಗಿ ಈಗ ನಾಲ್ಕನೇ ತಲೆಮಾರಿನ ಕೈಯಲ್ಲಿದೆ. ಇವರು ನೆಲಮಾಳಿಗೆಯ ಜೇಡರ ಬಲೆ ಗುಡಿಸುವುದಿಲ್ಲ. ಸೋಮಾರಿತನ ಅಂದುಕೊಳ್ಳಬೇಡಿ. ಬಾಟಲಿಯ ಕಾರ್ಕ್ ಕೊರೆಯುವ ಪತಂಗಗಳನ್ನು ಜೇಡಗಳು ತಿಂದು ಮುಗಿಸುತ್ತವೆ. ಗೋಡೆಯ ಮೇಲಿನ ಬೂಷ್ಟೂ ಹಾಗೇ ಇದೆ. ಪೀಪಾಯಿಯಿಂದ ಆರಿಹೋಗುವ ಮದ್ಯದ ಆವಿಯೇ ಅದಕ್ಕೆ ಊಟ.

ಇಲ್ಲಿ ವೈನನ್ನು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸುವುದನ್ನು ಜನ ಹಳೇ ಕಾಲದ ಪದ್ಧತಿ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಾಲಕ್ಕೆ ಅದು ಹೊಸ ತಂತ್ರವೇ ಆಗಿತ್ತು, ಅದು ಗಟ್ಟಿಯಾಗಿ ನೆಲೆಯೂರಲು ಒಂದು ಕೀಟವೂ ಕಾರಣ. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಈ ಕೀಟ 1860ರ ದಶಕದಿಂದ ಫ್ರಾನ್ಸ್‌ನ ದ್ರಾಕ್ಷಿ ಬಳ್ಳಿಗಳ ಬೇರಿಗೆ ಬಿತ್ತು. ತೋಟಗಳು ಒಣಗಿದವು. ವೈನ್ ಹುಡುಕಿಕೊಂಡು ಫ್ರೆಂಚ್ ವ್ಯಾಪಾರಿಗಳು ಹಾರೊಗೆ ಬಂದರು. ಸಣ್ಣ ಓಕ್ ಪೀಪಾಯಿಗಳಲ್ಲಿ ವೈನ್ ಮಾಗಿಸುವ, ಫ್ರಾನ್ಸ್‌ನ ಬೋರ್ಡೊ ಸೀಮೆಯ ಕ್ರಮ ಅಲ್ಲಿ ಬೇರೂರಿತು. 1899ರಲ್ಲಿ ಕೀಟ ರಿಯೋಹಾಗೂ ಕಾಲಿಟ್ಟಿತು. ಆಗ ಉಳಿದ ದಾರಿ ಒಂದೇ: ಕೀಟದ ಕಾಟ ತಡೆಯುವ ಅಮೆರಿಕದ ಬೇರುಗಿಡಕ್ಕೆ ಊರಿನ ತಳಿಯ ಕಸಿ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರು ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟುತ್ತಾರಲ್ವಾ, ಅದೂ ಅಮೆರಿಕದ್ದೇ. ನಮ್ಮಲ್ಲಿ ಕಾರಣ ಮಾತ್ರ ಬೇರೆ, ಬರ ಮತ್ತು ಉಪ್ಪುನೀರು. ಈ ಮನೆತನದ ಹೆಸರಾಂತ ತೊಂಡೋನಿಯಾ ತೋಟ ಎದ್ದದ್ದೂ ಕೀಟದ ಹಾವಳಿಯ ನಂತರವೇ, 1913ರಿಂದೀಚೆಗೆ, ಎಬ್ರೊ ನದಿಯ ತಿರುವಿನಲ್ಲಿ.

ನಿಜವಾದ ಕೆಲಸ ನಡೆಯುವುದು ಪೀಪಾಯಿಯೊಳಗೆ. ಒಂದೊಂದರಲ್ಲಿ 225 ಲೀಟರ್ ಹಿಡಿಯುತ್ತದೆ. ಅಮೆರಿಕದ ಓಕ್ ತರಿಸಿ, ತಮ್ಮದೇ ಬಡಗಿಗಳಿಂದ ಇಲ್ಲೇ ಮಾಡಿಸುತ್ತಾರೆ. ಮರದ ಮೂಲಕ ಆಮ್ಲಜನಕ ಚೂರುಚೂರೇ ಒಳಗೆ ಇಳಿಯುತ್ತದೆ. ಬಾಳೆಕಾಯಿಯಲ್ಲಿ ನಾಲಿಗೆ ಹಿಡಿಯುವ ಒಗರು ಇದೆಯಲ್ಲ, ಅದೇ ಟ್ಯಾನಿನ್. ಕೆಂಪು ವೈನ್‌ನಲ್ಲಿ ಅದು ಜಾಸ್ತಿ. ವರ್ಷಗಳು ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ ಅಂಟಿಕೊಂಡು ಉದ್ದ ಸರಪಳಿಯಾಗುತ್ತವೆ. ಒಂದಷ್ಟು ಗಸಿಯಾಗಿ ತಳ ಸೇರುತ್ತದೆ, ಒಗರು ಮೆತ್ತಗಾಗುತ್ತದೆ. ಉಳಿದದ್ದನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ ಹಾಕುತ್ತಾರೆ. ಅದರ ಪ್ರೋಟೀನು ಟ್ಯಾನಿನ್ ಹಿಡಿದುಕೊಂಡು ಕೆಳಗಿಳಿಯುತ್ತದೆ.

ಗ್ರಾನ್ ರೆಸೆರ್ವಾ ಅನ್ನುವ ಮೇಲ್ದರ್ಜೆಯ ಕೆಂಪು ವೈನ್‌ಗೆ ಓಕ್‌ನಲ್ಲಿ ಎರಡು ವರ್ಷ ಇದ್ದರೆ ರಿಯೋಹಾದ ನಿಯಮಕ್ಕೆ ಸಾಕು. ಇವರು ಸುಮಾರು ಹತ್ತು ವರ್ಷ ಇಡುತ್ತಾರೆ. ಬಿಳಿ ವೈನ್‌ಗೂ ಅಷ್ಟೇ ಕಾಯುತ್ತಾರೆ! ಸಾಮಾನ್ಯವಾಗಿ ಬಿಳಿ ವೈನನ್ನು ಎಳೆಯದಾಗಿರುವಾಗಲೇ ಕುಡಿದು ಮುಗಿಸುತ್ತಾರೆ. ಇವರದು ತಾಳುವುದಕ್ಕೆ ವಿಯೂರಾ ದ್ರಾಕ್ಷಿಯ ಹುಳಿ ಮತ್ತು ತಣ್ಣನೆಯ ನೆಲಮಾಳಿಗೆ ಎರಡೂ ಬೇಕು.