ಶಿವರಾತ್ರಿಗೆ ಹೋಗಲಾಗದವರು ಯಾವ ದಾರಿ ಹಿಡಿಯಬೇಕು?

ಪ್ರಶ್ನೆ: ಸರ್, ಶಿವರಾತ್ರಿ ಸಮಯದಲ್ಲಿ ಆಫೀಸಿನಲ್ಲಿ ರಜೆ ಸಿಗುವುದಿಲ್ಲ, ಆ ಜನಜಂಗುಳಿಯೂ ನಮಗೆ ಬೇಡ. ಜುಲೈನಲ್ಲಿ ನಾವು ಮೂವರು ಗೆಳೆಯರು ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗೋಣ ಅಂದುಕೊಂಡಿದ್ದೇವೆ. ಸೀಸನ್ ಅಲ್ಲದ್ದರಿಂದ ದಾರಿ ಖಾಲಿ ಇರುತ್ತೆ, ಆರಾಮಾಗಿ ನಡೀಬಹುದು ಅಲ್ವಾ? ಇಲ್ಲಾಂದ್ರೆ ಬೇರೆ ಯಾವುದಾದರೂ ದಾರಿ ಹೇಳಿ.

ಉತ್ತರ: ಜುಲೈನಲ್ಲಿ ಧರ್ಮಸ್ಥಳದ ದಾರಿ ಬೇಡ. ಆ ತಿಂಗಳೇ ನಡೆಯಬೇಕು ಅಂತಿದ್ದರೆ ಪೂರ್ವಕ್ಕೆ ತಿರುಗಿ, ಕೋಲಾರ, ಮುಳಬಾಗಿಲಿನ ಮೇಲೆ ತಿರುಪತಿಗೆ ಹೋಗಿ. ಹರಕೆ ಹೊತ್ತಿರುವುದು ಮಂಜುನಾಥನಿಗೇ ಆದರೆ ಲಕ್ಷದೀಪೋತ್ಸವ ಮುಗಿಯುವವರೆಗೆ ಕಾಯಿರಿ. ಡಿಸೆಂಬರ್ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ, ಬಿಸಿಲೂ ಏರಿರುವುದಿಲ್ಲ.

ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ಪ್ರಶ್ನೆಯ ನಡುವೆ ಇರುವ "ದಾರಿ ಖಾಲಿ ಇರುತ್ತೆ" ಎಂಬ ಮಾತನ್ನು ಹಾಗೇ ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. ವರ್ಷ ವರ್ಷವೂ ಇದೇ ಮಾತು ಕೇಳುತ್ತೇನೆ, ಇದೇ ಉತ್ತರ ಕೊಡುತ್ತೇನೆ. ಮತ್ತೊಂದು ಮಳೆಗಾಲ ಬಂದರೆ ಮತ್ತೆ ಯಾರೋ ಬ್ಯಾಗು ಕಟ್ಟಿಕೊಂಡು ನೆಲಮಂಗಲದ ಕಡೆ ಹೊರಟಿರುತ್ತಾರೆ.

ಖಾಲಿ ಇರುತ್ತದೆ ಅಂದರೆ ಏನು? ಪಾದಯಾತ್ರಿಗಳು ಇರುವುದಿಲ್ಲ, ಅಷ್ಟೇ. ಲಾರಿ ಇರುತ್ತವೆ, ಟ್ಯಾಂಕರ್ ಇರುತ್ತವೆ, ಸ್ಲೀಪರ್ ಬಸ್ಸು ಇರುತ್ತವೆ. ಮಂಗಳೂರು ಬಂದರಿನ ಸರಕು ಇದೇ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಓಡುವುದು, ಅದಕ್ಕೆ ಸೀಸನ್ ಇಲ್ಲ. ಶಿವರಾತ್ರಿಯ ಹಿಂದಿನ ವಾರ ಸಾವಿರಾರು ಜನ ರಸ್ತೆ ಅಂಚಿನಲ್ಲಿ ಸಾಲಾಗಿ ಹೋಗುತ್ತಿರುತ್ತಾರೆ. ಡ್ರೈವರ್‌ಗಳಿಗೆ ಅದು ಗೊತ್ತು. ತಂಡಗಳ ಹಿಂದೆ ಲಗೇಜ್ ಗಾಡಿ ಇಂಡಿಕೇಟರ್ ಹಾಕಿಕೊಂಡು ಬರುತ್ತಿರುತ್ತದೆ, ದೊಡ್ಡ ಊರುಗಳಲ್ಲಿ ಪೊಲೀಸರೂ ನಿಂತಿರುತ್ತಾರೆ. ಹಾಗಾಗಿಯೇ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಕತ್ತಲಲ್ಲಿ ನಡೆಯುವುದು ಆಗ ಸಾಧ್ಯವಾಗುತ್ತದೆ. ಜುಲೈನ ಅದೇ ಮೂರು ಗಂಟೆಗೆ, ಜಿಟಿಜಿಟಿ ಮಳೆಯಲ್ಲಿ, ಮೂರು ಜನ ರಸ್ತೆ ಅಂಚಿನಲ್ಲಿ ಇದ್ದಾರೆಂದು ಯಾವ ಡ್ರೈವರೂ ಎಣಿಸಿರುವುದಿಲ್ಲ. ಆ ಅಂಚಾದರೂ ಎಂಥದ್ದು? ಬಿಳಿ ಗೆರೆಯಾಚೆ ಎರಡು ಮೂರು ಅಡಿ ಜಾಗ, ಅದರಲ್ಲಿ ಜಲ್ಲಿ, ಒಡೆದ ಗಾಜು, ಟೈರಿನ ಚಿಂದಿ, ಜೊತೆಗೆ ರಾಂಗ್ ಸೈಡಿನಲ್ಲಿ ಬರುವ ಬೈಕು. ಹದಿನಾರು ಚಕ್ರದ ಲಾರಿ ಪಕ್ಕದಲ್ಲಿ ಹಾದುಹೋದರೆ ಮೊದಲು ಗಾಳಿ ದೂಡುತ್ತದೆ, ಆಮೇಲೆ ಒಳಕ್ಕೆ ಎಳೆಯುತ್ತದೆ. ಹೆಗಲ ಮೇಲಿನ ಟವೆಲ್ ಹಾರಿ ರಸ್ತೆ ಮಧ್ಯಕ್ಕೆ ಬಿದ್ದರೆ ಅದನ್ನು ತರಲು ಹೋಗಬೇಡಿ.

ಇನ್ನು ಊಟ, ನೀರು, ನಿದ್ದೆ. ಶಿವರಾತ್ರಿಯ ಹೊತ್ತಿಗೆ ಕುಣಿಗಲ್ ದಾಟಿ ಚನ್ನರಾಯಪಟ್ಟಣ, ಹಾಸನದ ಕಡೆ ಹೋದರೆ ದಾರಿಯುದ್ದಕ್ಕೂ ಶಾಮಿಯಾನ. ಊರಿನವರೇ ಟ್ರಾಕ್ಟರಿನಲ್ಲಿ ಪಾತ್ರೆ ತಂದು ಚಿತ್ರಾನ್ನ, ಮಜ್ಜಿಗೆ, ಕಲ್ಲಂಗಡಿ ಹಂಚುತ್ತಾರೆ. ಬೊಬ್ಬೆ ಎದ್ದ ಕಾಲಿಗೆ ಬಿಸಿನೀರು ಕಾಯಿಸಿ ಕೊಡುವವರಿದ್ದಾರೆ, ಮುಲಾಮು ಹಚ್ಚಿ ತಿಕ್ಕುವವರಿದ್ದಾರೆ. ರಾತ್ರಿ ಶಾಲೆಯ ಜಗಲಿಯೋ ಛತ್ರವೋ ಮಲಗಲು ಸಿಗುತ್ತದೆ. ಇದನ್ನೆಲ್ಲ ಆ ಊರುಗಳ ಜನ ಆ ಒಂದು ವಾರಕ್ಕಾಗಿ ಸ್ವಂತ ಖರ್ಚಿನಲ್ಲಿ, ಭಕ್ತಿಯಿಂದ ಮಾಡುತ್ತಾರೆ. ಅವರ ಬಗ್ಗೆ ನನಗೆ ಇರುವ ಗೌರವ ಮಾತಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ನೀವು "ಜಂಗುಳಿ" ಎಂದು ಬೇಡವೆನ್ನುತ್ತಿರುವುದು ಇದನ್ನೇ. ಆ ಜಂಗುಳಿ ಇದ್ದರೆ ಮುನ್ನೂರು ಕಿಲೋಮೀಟರ್ ಬರಿ ಕೈಯಲ್ಲಿ ನಡೆಯಬಹುದು, ಇಲ್ಲದಿದ್ದರೆ ಅನ್ನ, ನೀರು, ಹಾಸಿಗೆ ಎಲ್ಲ ನಿಮ್ಮ ಬೆನ್ನ ಮೇಲೆ. ಸೀಸನ್ ಇಲ್ಲದಾಗ ಆ ದಾರಿಯಲ್ಲಿ ಅದೇ ಸೌಕರ್ಯ ಹುಡುಕುವುದೆಂದರೆ ಮದುವೆ ಮುಗಿದ ಮಾರನೇ ದಿನ ಛತ್ರಕ್ಕೆ ಊಟಕ್ಕೆ ಹೋದ ಹಾಗೆ.

ಇದರ ಮೇಲೆ ಘಟ್ಟ. ಹಾಸನ ದಾಟಿದ ಮೇಲೆ ನಿಮಗಿರುವುದು ಮುಖ್ಯವಾಗಿ ಎರಡು ದಾರಿ: ಸಕಲೇಶಪುರದ ಮೇಲೆ ಶಿರಾಡಿ, ಇಲ್ಲವೇ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ವಾರಗಟ್ಟಲೆ ಬಂದ್ ಆಗಿತ್ತು. 2019ರಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈನಲ್ಲಿ ಮತ್ತೆ ಸಕಲೇಶಪುರದಿಂದ ಕೆಳಗೆ ಕುಸಿತ. ವಾಹನಗಳಿಗೇ ದಾರಿ ಇಲ್ಲದ ತಿಂಗಳಲ್ಲಿ ನಡೆಯುವವರ ಗತಿಯೇನು? ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಡಾನೆಗಳ ಓಡಾಟವೂ ಇದೆ. ಡಿಸೆಂಬರ್‌ನಲ್ಲಿ ಹೋಗುವವರಿಗೂ ಈ ಮಾತು ಅನ್ವಯಿಸುತ್ತದೆ, ಆಗ ಭತ್ತ ಕಟಾವಿಗೆ ಬಂದಿರುತ್ತದೆ, ಆನೆ ಗದ್ದೆಗೆ ಇಳಿಯುತ್ತದೆ. ಬೆಳಕು ಹರಿಯುವ ಮುಂಚೆ ಅಲ್ಲಿ ಹೆಜ್ಜೆ ಇಡಬೇಡಿ.

ಹಾಗಾದರೆ ಪೂರ್ವ ಯಾಕೆ? ಮುಂಗಾರು ಪಶ್ಚಿಮದಿಂದ ಬರುತ್ತದೆ, ಘಟ್ಟಕ್ಕೆ ಬಡಿದು ತನ್ನ ಮಳೆಯಲ್ಲಿ ಬಹುಪಾಲು ಅಲ್ಲೇ ಸುರಿಯುತ್ತದೆ. ಬೆಂಗಳೂರು ದಾಟಿ ಕೋಲಾರದ ಕಡೆ ಹೋಗುವಷ್ಟರಲ್ಲಿ ಅದರಲ್ಲಿ ಉಳಿಯುವುದು ಮೋಡ ಮತ್ತು ಗಾಳಿ. ಆಷಾಢದಲ್ಲಿ ಆ ಬಯಲುಸೀಮೆಯಲ್ಲಿ ನಡೆದು ನೋಡಿ, ಮಧ್ಯಾಹ್ನ ಒಂದು ಗಂಟೆಗೂ ತಲೆಯ ಮೇಲೆ ಮೋಡ ಇರುತ್ತದೆ. ಹಿಂಗಾರು ಬಂದರೆ ಲೆಕ್ಕ ತಿರುಗಾಮುರುಗಾ. 2021ರ ನವೆಂಬರ್ ಮಳೆಗೆ ತಿರುಮಲ ಬೆಟ್ಟ ಹತ್ತುವ ಮೆಟ್ಟಿಲು ದಾರಿಗಳಲ್ಲೊಂದಾದ ಶ್ರೀವಾರಿ ಮೆಟ್ಟು ಕೊಚ್ಚಿಹೋಗಿ, ಮತ್ತೆ ತೆರೆದದ್ದು 2022ರ ಮೇ ತಿಂಗಳಲ್ಲಿ. ಆದ್ದರಿಂದ ಮುಂಗಾರಿನಲ್ಲಿ ಪೂರ್ವಕ್ಕೆ, ಹಿಂಗಾರು ಕಳೆದ ಮೇಲೆ ಪಶ್ಚಿಮಕ್ಕೆ. ಏಪ್ರಿಲ್, ಮೇನಲ್ಲಿ ಎಲ್ಲಿಗೂ ಬೇಡ, ಚಿತ್ತೂರಿನ ಡಾಂಬರು ಆಗ ಚಪ್ಪಲಿಯ ಮೂಲಕವೂ ಸುಡುತ್ತದೆ.

ತಿರುಪತಿ ಬೆಂಗಳೂರಿನಿಂದ ಸುಮಾರು 250 ಕಿ.ಮೀ. ಕೆ.ಆರ್. ಪುರದಿಂದ ಓಲ್ಡ್ ಮದ್ರಾಸ್ ರೋಡ್ ಹಿಡಿದು ಹೊಸಕೋಟೆ, ನರಸಾಪುರದ ಮೇಲೆ ನೇರ ಹೋಗಬಹುದು, ಆದರೆ ಕಾರ್ಖಾನೆ ಲಾರಿಗಳ ಕಾಟ ವಿಪರೀತ. ನನ್ನ ಸಲಹೆ ದಕ್ಷಿಣದ ಸುತ್ತು ದಾರಿ: ಚಿಕ್ಕ ತಿರುಪತಿಯಲ್ಲಿ ಪ್ರಸನ್ನ ವೆಂಕಟೇಶ್ವರನಿಗೆ ಕೈಮುಗಿದು ಮಾಲೂರು, ಟೇಕಲ್, ಬಂಗಾರಪೇಟೆ, ಬೇತಮಂಗಲದ ಮೇಲೆ ಮುಳಬಾಗಿಲು. ದೂರ ಹೆಚ್ಚಾಗುತ್ತದೆ, ಆದರೆ ಮಾಲೂರಿನಿಂದ ಬಂಗಾರಪೇಟೆವರೆಗೆ ರೈಲು ಮಾರ್ಗ ಜೊತೆಯಲ್ಲೇ ಇರುತ್ತದೆ, ಯಾರಿಗಾದರೂ ಕಾಲು ಕೈಕೊಟ್ಟರೆ ಹತ್ತಿರದ ಸ್ಟೇಷನ್‌ನಿಂದ ವಾಪಸ್ ಬರಬಹುದು. ಮುಳಬಾಗಿಲಿನಲ್ಲಿ ಒಂದು ದಿನ ಉಳಿಯಿರಿ. ತಿರುಪತಿಗೆ ಹೋಗುವವರು ಮೊದಲು ಅಲ್ಲಿನ ಆಂಜನೇಯನ ದರ್ಶನ ಮಾಡುವುದು ಹಳೆಯ ರೂಢಿ. ಪಕ್ಕದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ, ಕುರುಡುಮಲೆಯಲ್ಲಿ ಗಣಪತಿ. ಮುಂದೆ ನಂಗಲಿ, ಪಲಮನೇರು. ಮೊಗಿಲಿ ಘಾಟ್ ಅಪಘಾತಕ್ಕೆ ಹೆಸರಾದ ಇಳಿಜಾರು, ಹಗಲಲ್ಲೇ ದಾಟಿ. ಆಮೇಲೆ ಚಿತ್ತೂರು, ಚಂದ್ರಗಿರಿ.

ಆಷಾಢದಲ್ಲಿ ಇನ್ನೊಂದು ಅನುಕೂಲವಿದೆ, ಯಾರೂ ಹೇಳುವುದಿಲ್ಲ. ಆಗ ಮದುವೆಗಳಿಲ್ಲ, ಕಲ್ಯಾಣ ಮಂಟಪಗಳು ಖಾಲಿ. ಹಿಂದಿನ ದಿನವೇ ಫೋನ್ ಮಾಡಿ, ಮೂರು ಜನ ಯಾತ್ರಿಗಳು, ಒಂದು ರಾತ್ರಿ ಮಲಗಲು ಜಾಗ ಬೇಕು ಅಂತ ವಿನಯದಿಂದ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಶ್ರಾವಣ ಹುಟ್ಟಿತೋ, ಆ ಬಾಗಿಲು ಮುಚ್ಚಿತು.

ಮಾದಪ್ಪನ ಬೆಟ್ಟ ಯಾಕೆ ಬೇಡ ಎಂದು ಕೇಳುವಿರಿ. ಕನಕಪುರದವರು ಶಿವರಾತ್ರಿಗೆ ಹೋಗುವ ಹಳೆಯ ದಾರಿ ಸಂಗಮದಲ್ಲಿ ಕಾವೇರಿ ದಾಟಿ ಕಾಡಿನೊಳಗೆ ಹೋಗುತ್ತದೆ. ಶಿವರಾತ್ರಿಗೆ ನದಿ ಇಳಿದಿರುತ್ತದೆ, ದಾಟಬಹುದು. ಜುಲೈ, ಆಗಸ್ಟ್‌ನಲ್ಲಿ ಕಬಿನಿ, ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಅಲ್ಲಿ ನಿಂತು ನೋಡುವುದಕ್ಕೂ ಭಯವಾಗುತ್ತದೆ. ಶ್ರೀಶೈಲದ ನಲ್ಲಮಲ ಕಾಡುದಾರಿ, ಶಬರಿಮಲೆಯ ಎರುಮೇಲಿ ದಾರಿ ಎರಡೂ ಹುಲಿ ಸಂರಕ್ಷಿತ ಅರಣ್ಯದೊಳಗಿನವು, ಅವುಗಳ ಸಮಯದಲ್ಲಿ ಮಾತ್ರ ತೆರೆಯುತ್ತವೆ. ಅಲ್ಲಿ ಆಫ್ ಸೀಸನ್ ಎಂಬುದೇ ಇಲ್ಲ.

ನೀವು ಕೇಳಲಿಲ್ಲ, ಆದರೆ ರಜೆಯ ಮಾತು ಎತ್ತಿದ್ದರಿಂದ ಹೇಳುತ್ತೇನೆ. ಪೂರ್ತಿ ದಾರಿಯನ್ನು ಒಂದೇ ಸಲ ನಡೆಯಬೇಕಾಗಿಲ್ಲ. ಶನಿವಾರ, ಭಾನುವಾರ ನಡೆದು, ನಿಲ್ಲಿಸಿದ ಜಾಗಕ್ಕೆ ಗುರುತಿಟ್ಟುಕೊಂಡು, ಬಸ್ಸು ಹತ್ತಿ ಮನೆಗೆ ಬನ್ನಿ. ಮುಂದಿನ ವಾರ ಅದೇ ಜಾಗದಿಂದ ಹೊರಡಿ. ಇದು ಯಾತ್ರೆ ಹೇಗಾದೀತು, ಪುಣ್ಯ ಮುರಿದುಹೋಗುವುದಿಲ್ಲವೇ ಎಂದು ಮನೆಯ ಹಿರಿಯರು ಕೇಳಿದರೆ ನರ್ಮದಾ ನದಿಗೆ ನಡೆದೇ ಸುತ್ತು ಬರುವ ನರ್ಮದಾ ಪರಿಕ್ರಮದ ಉದಾಹರಣೆ ಕೊಡಿ. ಎರಡೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ಆ ನಡಿಗೆಯಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ಒಂದೆಡೆ ನಿಂತು, ಮಳೆ ಮುಗಿದ ಮೇಲೆ ಅಲ್ಲಿಂದಲೇ ಮುಂದುವರಿಸುವುದು ಸಂಪ್ರದಾಯ. ನಡುವೆ ನಿಲ್ಲುವುದು ಯಾತ್ರೆಯ ಒಳಗಿನ ನಿಯಮವೇ ಹೊರತು ಅದಕ್ಕೆ ಭಂಗವಲ್ಲ. ಪರಿಕ್ರಮದವರು ನಿಂತಲ್ಲೇ ಇರುತ್ತಾರೆ, ನೀವು ಮನೆಗೆ ಬರುತ್ತೀರಿ, ಆ ವ್ಯತ್ಯಾಸ ಒಪ್ಪುತ್ತೇನೆ. ಆದರೆ ಸಂಸಾರ, ಕೆಲಸ ಇರುವವರಿಗೆ ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಕಾಣುವುದಿಲ್ಲ.

ಈ ಲೆಕ್ಕದಲ್ಲಿ ರಾಜ್ಯದ ಗಡಿಯ ನಂಗಲಿವರೆಗೆ ವಾರಾಂತ್ಯಗಳಲ್ಲೇ ಮುಗಿಸಬಹುದು. ಜೊತೆಯಲ್ಲಿ ಹೆಂಗಸರಿದ್ದರೆ ನಮ್ಮ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚೂ ಇಲ್ಲ. ಗಡಿ ದಾಟಿದ ಮೇಲಿನ ಭಾಗಕ್ಕೆ ಒಂದು ವಾರ ರಜೆ ಹಾಕಿ, ದಿನಕ್ಕೆ 25 ಕಿ.ಮೀ. ಮೀರಬೇಡಿ. ಚಂದ್ರಗಿರಿ ಕಡೆಯಿಂದ ಬರುವವರಿಗೆ ಶ್ರೀನಿವಾಸಮಂಗಾಪುರದ ಹತ್ತಿರದ ಶ್ರೀವಾರಿ ಮೆಟ್ಟು ಮೊದಲು ಸಿಗುತ್ತದೆ, 2,388 ಮೆಟ್ಟಿಲು. ಇನ್ನೊಂದು ಮೆಟ್ಟಿಲು ದಾರಿಯಾದ ಅಲಿಪಿರಿಯಲ್ಲಿ 3,550. 2023ರಲ್ಲಿ ಅಲಿಪಿರಿ ದಾರಿಯಲ್ಲಿ ಚಿರತೆ ಮಗುವೊಂದನ್ನು ಕೊಂದ ಮೇಲೆ ಮಕ್ಕಳನ್ನು ಕರೆದೊಯ್ಯುವವರಿಗೆ ಸಮಯದ ನಿರ್ಬಂಧ ತಂದರು. ಈ ನಿಯಮಗಳೂ ನಡೆದು ಬರುವವರ ದರ್ಶನ ಟೋಕನ್ ವ್ಯವಸ್ಥೆಯೂ ಬದಲಾಗುತ್ತಿರುತ್ತವೆ. ಆದ್ದರಿಂದ ಚಿತ್ತೂರು ಬಿಡುವ ದಿನ ತಿರುಮಲ ದೇವಸ್ಥಾನದ ಆಡಳಿತ ಮಂಡಳಿಯಾದ ಟಿಟಿಡಿಯ ಪ್ರಕಟಣೆ ನೋಡಿಕೊಳ್ಳಿ, ಮೇಲೆ ತಲುಪುವ ದಿನ ಮಂಗಳವಾರವೋ ಬುಧವಾರವೋ ಆಗಿರುವಂತೆ ಹಿಂದಿನಿಂದ ಎಣಿಸಿ ರಜೆ ಬರೆಯಿರಿ.